ಅಮೆರಿಕ ಸ್ವಾತಂತ್ರ್ಯಕ್ಕೆ ಹೋರಾಡಿದ್ದು ಗುಲಾಮರನ್ನು ಉಳಿಸಿಕೊಳ್ಳೋಕಾ?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಅಮೆರಿಕದ ಕ್ರಾಂತಿ ಎಂದರೆ ತೆರಿಗೆ ಜಗಳ, ಬಾಸ್ಟನ್ ಚಹಾ, 1776ರ ಘೋಷಣೆ ಎಂದೇ ಹೇಳಿಕೊಡುತ್ತಾ ಬಂದಿದ್ದೇನೆ. ಈ ಸಲ ಒಬ್ಬ ವಿದ್ಯಾರ್ಥಿನಿ, "ಸರ್, ಬ್ರಿಟಿಷರು ಗುಲಾಮಗಿರಿ ತೆಗೆದುಬಿಡ್ತಾರೆ ಅಂತ ಹೆದರಿ ಇವರು ಬೇರೆಯಾದರಂತೆ. ಲಂಡನ್ನಿನ ಒಂದು ಕೋರ್ಟ್ ತೀರ್ಪೇ ಅದಕ್ಕೆ ಕಾರಣವಂತೆ, ನಿಜವಾ?" ಎಂದು ಕೇಳಿದಳು. ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. ಆ ಗುಲಾಮರು ಯಾರ ಕಡೆ ಇದ್ದರು? ಯುದ್ಧ ಮುಗಿದ ಮೇಲೆ ಉತ್ತರದ ರಾಜ್ಯಗಳಲ್ಲಿ ಗುಲಾಮಗಿರಿ ಹೋಯಿತು ಎನ್ನುತ್ತಾರೆ, ಅದು ಎಷ್ಟು ನಿಜ?

ಉತ್ತರ: ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಅಮೆರಿಕದ ಇತಿಹಾಸಕಾರರೇ ಈಚಿನ ವರ್ಷಗಳಲ್ಲಿ ಜೋರಾಗಿ ಜಗಳ ಆಡಿದ್ದಾರೆ. ಆದ್ದರಿಂದ ಅವಳನ್ನು ಸುಮ್ನೆ ಕೂರಿಸಿಬಿಡಬೇಡಿ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹದಿಮೂರು ವಸಾಹತುಗಳೂ ಗುಲಾಮಗಿರಿ ಉಳಿಸಿಕೊಳ್ಳಲೆಂದೇ ಬ್ರಿಟನ್ನಿನಿಂದ ಬೇರೆಯಾದವು ಎನ್ನುವ ಮಾತು ನಿಲ್ಲುವುದಿಲ್ಲ. ಆದರೆ ವರ್ಜೀನಿಯಾದಲ್ಲಿ, ಅದರ ಕೆಳಗಿನ ವಸಾಹತುಗಳಲ್ಲಿ, ಅತ್ತ ಹೋಗಲೋ ಇತ್ತ ಹೋಗಲೋ ಎಂದು ನಿಂತಿದ್ದ ಜಮೀನ್ದಾರರು ಅನೇಕರಿದ್ದರು. 1775ರ ಕೊನೆಯ ತಿಂಗಳುಗಳಲ್ಲಿ ಅವರನ್ನು ಬಂಡಾಯದ ಕಡೆ ನೂಕಿದ್ದು ಬಹುಮಟ್ಟಿಗೆ ಇದೇ ಭಯ. ಆ ಭಯ ಹುಟ್ಟಿಸಿದ್ದು ಮಾತ್ರ ಲಂಡನ್ನಿನ ಕೋರ್ಟ್ ಅಲ್ಲ. ಸಂದು ಸಿಕ್ಕರೆ ಓಡಿಹೋಗಲು ಸಿದ್ಧರಿದ್ದ ಅವರ ಮನೆಯ ಗುಲಾಮರೇ. ಪಠ್ಯಪುಸ್ತಕಗಳಲ್ಲಿ ಗುಲಾಮರು ಎಂದರೆ ಹೊಲದಲ್ಲಿ ಬಗ್ಗಿ ನಿಂತ ಚಿತ್ರ, ಅಷ್ಟೇ. ಆದರೆ ಕ್ರಾಂತಿಯ ಹಿಂದುಮುಂದಿನ ಆ ವರ್ಷಗಳಲ್ಲಿ ಅವರೂ ರಾಜಕೀಯ ಮಾಡುತ್ತಿದ್ದರು. ಅದನ್ನು ಬಿಟ್ಟರೆ ಈ ಕಥೆ ಅರ್ಧವೂ ಅರ್ಥವಾಗುವುದಿಲ್ಲ.

ಮೊದಲು ಗುಲಾಮಗಿರಿ ಎಲ್ಲೆಲ್ಲಿ ಇತ್ತು ಎಂದು ನೋಡೋಣ. ವರ್ಜೀನಿಯಾದ ಪಾಯಿಂಟ್ ಕಂಫರ್ಟ್ ಎಂಬಲ್ಲಿಗೆ 1619ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ತಂದರು. ಒಂದು ಪೋರ್ಚುಗೀಸ್ ಹಡಗಿನಿಂದ ಇಂಗ್ಲಿಷ್ ಹಡಗಿನವರು ದೋಚಿ ತಂದ ಜನ ಅವರು. ಆಗ ಗುಲಾಮರಿಗೆಂದು ಪ್ರತ್ಯೇಕ ಕಾನೂನು ಇರಲಿಲ್ಲ. ಕಾನೂನು ಒಂದೊಂದಾಗಿ ಬಂತು. 1662ರಲ್ಲಿ ವರ್ಜೀನಿಯಾ ಒಂದು ನಿಯಮ ಮಾಡಿತು: ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮ. ಇಂಗ್ಲೆಂಡಿನಲ್ಲಿ ಮಗುವಿನ ಸ್ಥಾನಮಾನ ತಂದೆಯಿಂದ ಬರುತ್ತಿತ್ತು. ಇಲ್ಲಿ ಬೇಕೆಂದೇ ಉಲ್ಟಾ ಮಾಡಿದರು. ಯಜಮಾನ ತನ್ನ ಗುಲಾಮ ಹೆಂಗಸಿನಿಂದ ಮಗು ಪಡೆದರೂ ಅದು ಅವನ ಆಸ್ತಿಯ ಪಟ್ಟಿಗೇ ಸೇರುತ್ತಿತ್ತು. ಐದು ವರ್ಷ ಕಳೆದ ಮೇಲೆ, ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರೂ ಬಿಡುಗಡೆ ಇಲ್ಲ ಎಂದು ಇನ್ನೊಂದು ಕಾನೂನು ಬಂತು. 1705ರ ಹೊತ್ತಿಗೆ ಎಲ್ಲ ಬಾಗಿಲುಗಳನ್ನೂ ಮುಚ್ಚಿ ಒಂದು ದೊಡ್ಡ ಸಂಹಿತೆಯೇ ತಯಾರಾಯಿತು.

1775ರಲ್ಲಿ ಹದಿಮೂರು ವಸಾಹತುಗಳ ಜನಸಂಖ್ಯೆ ಸುಮಾರು 25 ಲಕ್ಷ. ಅದರಲ್ಲಿ ಸುಮಾರು 5 ಲಕ್ಷ ಜನ ಕಪ್ಪು ಜನ, ಹೆಚ್ಚುಕಡಿಮೆ ಎಲ್ಲರೂ ಗುಲಾಮರು. ವರ್ಜೀನಿಯಾದಲ್ಲಿ ನೂರಕ್ಕೆ ನಲವತ್ತು. ಸೌತ್ ಕೆರೊಲಿನಾದಲ್ಲಿ ಬಿಳಿಯರಿಗಿಂತ ಅವರೇ ಜಾಸ್ತಿ. ಉತ್ತರದವರ ಕೈ ಶುದ್ಧವಾಗಿತ್ತೇ ಅಂದರೆ, ಇಲ್ಲ. ನ್ಯೂಯಾರ್ಕ್ ಪಟ್ಟಣದಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರು ಕಪ್ಪು ಜನ.

ನೀವು ತರಗತಿಯಲ್ಲಿ ಹೇಳುವ ತೆರಿಗೆ ಜಗಳದ ಒಳಗೇ ಗುಲಾಮರ ವ್ಯಾಪಾರ ಕೂತಿದೆ. 1764ರ ಜನವರಿಯಲ್ಲಿ ರೋಡ್ ಐಲೆಂಡ್ ವಸಾಹತು ಕಾಕಂಬಿಯ ಮೇಲಿನ ಸುಂಕ ಬೇಡ ಎಂದು ಲಂಡನ್ನಿಗೆ ಒಂದು ಮನವಿ ಬರೆಯಿತು. ನಮ್ಮದು ಪುಟ್ಟ ವಸಾಹತು, ಇಲ್ಲಿ ಮೂವತ್ತಕ್ಕೂ ಹೆಚ್ಚು ರಮ್ ಭಟ್ಟಿಗಳಿವೆ, ಕಾಕಂಬಿ ಇಲ್ಲದೆ ಅವು ನಡೆಯುವುದಿಲ್ಲ ಎನ್ನುತ್ತದೆ ಅದು. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ವರ್ಷಕ್ಕೆ ಸುಮಾರು ಹದಿನೆಂಟು ಹಡಗುಗಳು ಸುಮಾರು 1,800 ದೊಡ್ಡ ಪೀಪಾಯಿ ರಮ್ ಹೊತ್ತು ಆಫ್ರಿಕಾದ ಕರಾವಳಿಗೆ ಹೋಗುತ್ತಿವೆ ಎಂದೂ ಬರೆದಿದ್ದಾರೆ. ಆ ರಮ್ಮಿಗೆ ಬದಲಾಗಿ ಬಂದದ್ದು ಮುಖ್ಯವಾಗಿ ಮನುಷ್ಯರು. ಅವರನ್ನು ಕೆರಿಬಿಯನ್ ದ್ವೀಪಗಳಲ್ಲಿ, ಕೆರೊಲಿನಾ, ವರ್ಜೀನಿಯಾಗಳಲ್ಲಿ ಮಾರಿ, ಆ ಹಣದಿಂದ ಇಂಗ್ಲೆಂಡಿನ ಸಾಲ ತೀರಿಸುತ್ತಿದ್ದರು. ಇದನ್ನೆಲ್ಲ ಮುಚ್ಚಿಟ್ಟುಕೊಂಡಿರಲಿಲ್ಲ. ನಮ್ಮ ಹೊಟ್ಟೆಪಾಡಿಗೆ ಕಲ್ಲು ಹಾಕಬೇಡಿ ಎನ್ನಲು ಅವರು ಕೊಟ್ಟ ಲೆಕ್ಕವೇ ಇದು. ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ ಎನ್ನುವ ಕೂಗಿನ ಹಿಂದೆ ಇಂಥ ಖಾತೆಪುಸ್ತಕಗಳೂ ಇದ್ದವು.

ಸ್ಟಾಂಪ್ ತೆರಿಗೆ ಬಂದ 1765ರಿಂದ ಬಿಳಿಯರ ಭಾಷಣ, ಕರಪತ್ರಗಳಲ್ಲಿ ಒಂದೇ ಪಲ್ಲವಿ. ನಮ್ಮನ್ನು ಕೇಳದೆ ತೆರಿಗೆ ಹಾಕಿದರೆ ನಾವು ಗುಲಾಮರಾದಂತೆ. ಇದನ್ನು ಹೇಳುತ್ತಿದ್ದವರ ಮನೆಯಲ್ಲಿ ಊಟ ಬಡಿಸುತ್ತಿದ್ದವರು, ಕುದುರೆ ಹಿಡಿದು ನಿಂತಿದ್ದವರು ಕಿವುಡರಲ್ಲ, ಅಲ್ವಾ? 1773ರ ಜನವರಿಯಲ್ಲಿ ಬಾಸ್ಟನ್ನಿನ ಗುಲಾಮರ ಪರವಾಗಿ ಫೆಲಿಕ್ಸ್ ಎಂಬಾತ ಮ್ಯಾಸಚೂಸೆಟ್ಸ್ ಗವರ್ನರಿಗೂ ಶಾಸನಸಭೆಗೂ ಅರ್ಜಿ ಕೊಟ್ಟ. ಅದರಲ್ಲಿ ಒಂದು ಸಾಲು: "ನಮಗೆ ಆಸ್ತಿಯಿಲ್ಲ. ಹೆಂಡತಿಯಿಲ್ಲ. ಮಕ್ಕಳಿಲ್ಲ. ಊರಿಲ್ಲ. ದೇಶವಿಲ್ಲ." ಅದೇ ವರ್ಷ ಏಪ್ರಿಲ್‌ನಲ್ಲಿ ಪೀಟರ್ ಬೆಸ್ಟಸ್, ಸ್ಯಾಂಬೊ ಫ್ರೀಮನ್, ಫೆಲಿಕ್ಸ್ ಹಾಲ್‌ಬ್ರೂಕ್, ಚೆಸ್ಟರ್ ಜಾಯ್ ಎಂಬ ನಾಲ್ವರು ಇನ್ನೊಂದು ಪತ್ರ ಬರೆದು ಸಭೆಯ ಸದಸ್ಯರಿಗೆ ಕಳಿಸಿದರು. ತಮ್ಮನ್ನು ಗುಲಾಮರನ್ನಾಗಿಸುವ ಸಂಚಿನ ವಿರುದ್ಧ ಇಷ್ಟು ಗಟ್ಟಿಯಾಗಿ ನಿಂತವರಿಂದ ನಾವು ದೊಡ್ಡದನ್ನೇ ನಿರೀಕ್ಷಿಸುತ್ತೇವೆ ಎಂದು ಅದು ಶುರುವಾಗುತ್ತದೆ. ನಯವಾಗಿ ಚಿವುಟುವುದು ಅಂದರೆ ಇದು. ಮುಂದೆ ಇನ್ನೂ ಮಜಾ ಇದೆ. ಇಂಗ್ಲಿಷರಷ್ಟು ಸ್ವಾತಂತ್ರ್ಯದ ದೊಡ್ಡ ವಿಚಾರಗಳಿಲ್ಲದ ಸ್ಪೇನಿನವರೂ ಸಹ ಗುಲಾಮರಿಗೆ ವಾರದಲ್ಲಿ ಒಂದು ದಿನ ಸ್ವಂತಕ್ಕೆ ದುಡಿಯಲು ಬಿಡುತ್ತಾರೆ, ಅವರು ಹಾಗೆ ದುಡಿದು ತಮ್ಮನ್ನು ತಾವೇ ಬಿಡಿಸಿಕೊಳ್ಳುತ್ತಾರೆ ಎನ್ನುತ್ತಾರೆ.

ಸಭೆ ಏನೂ ಮಾಡಲಿಲ್ಲ. ಗುಲಾಮರು ಅಷ್ಟಕ್ಕೇ ಬಿಡಲೂ ಇಲ್ಲ. 1774ರ ಸೆಪ್ಟೆಂಬರ್‌ನಲ್ಲಿ ಅಬಿಗೇಲ್ ಆಡಮ್ಸ್ ತನ್ನ ಗಂಡ, ಬಂಡಾಯದ ಮುಂದಾಳು ಜಾನ್ ಆಡಮ್ಸ್‌ಗೆ ಬರೆದ ಕಾಗದದಲ್ಲಿ ಒಂದು ಸುದ್ದಿ ಇದೆ. ನಮಗೆ ಬಂದೂಕು ಕೊಡಿ, ಗೆದ್ದರೆ ಬಿಡುಗಡೆ ಮಾಡಿ, ನಿಮ್ಮ ಪರ ಹೋರಾಡುತ್ತೇವೆ ಎಂದು ಬಾಸ್ಟನ್ನಿನ ಗುಲಾಮರು ಬ್ರಿಟಿಷ್ ಗವರ್ನರಿಗೇ ಹೇಳಿಕಳಿಸಲು ಹೊರಟಿದ್ದರಂತೆ. ಅದೇ ಕಾಗದದಲ್ಲಿ ಆಕೆ, ನಮ್ಮಷ್ಟೇ ಹಕ್ಕಿರುವವರಿಂದ ನಾವು ದಿನಾ ದೋಚುತ್ತಿರುವುದನ್ನೇ ನಮಗೆ ಬೇಕೆಂದು ಹೋರಾಡುವುದು ನನಗೆ ಯಾವಾಗಲೂ ಅನ್ಯಾಯವಾಗಿ ಕಂಡಿದೆ ಎನ್ನುತ್ತಾಳೆ. ಒಂದು ವರ್ಷ ಬಿಳಿಯರ ಸಭೆಗೆ ಅರ್ಜಿ, ಮರುವರ್ಷ ಅವರ ವೈರಿಗೆ ಸಂದೇಶ. ಯಾರು ಬಿಡುಗಡೆ ಕೊಡುತ್ತಾರೋ ಅವರ ಕಡೆ. "ಗುಲಾಮರು ಯಾರ ಕಡೆ ಇದ್ದರು" ಎನ್ನುವ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಹಾಗಾದರೆ ಯಜಮಾನರಿಗೆ ತಾವು ಮಾಡುತ್ತಿರುವುದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಸ್ವಾತಂತ್ರ್ಯ ಕೊಡಿ ಇಲ್ಲವೇ ಸಾವು ಕೊಡಿ ಎಂದು ಭಾಷಣ ಮಾಡಿದ ಪ್ಯಾಟ್ರಿಕ್ ಹೆನ್ರಿ, ಅದಕ್ಕೆ ಎರಡು ವರ್ಷ ಮೊದಲು ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಒಬ್ಬ ಪರಿಚಯಸ್ಥನಿಗೆ ಕಾಗದ ಬರೆದಿದ್ದ. ಗುಲಾಮರಿಲ್ಲದೆ ಇಲ್ಲಿ ಬದುಕುವುದು ಕಷ್ಟ, ಆ ಅನನುಕೂಲಕ್ಕೆ ಅಂಜಿ ಇಟ್ಟುಕೊಂಡಿದ್ದೇನೆ, ಇದನ್ನು ಸಮರ್ಥಿಸಿಕೊಳ್ಳುವುದಿಲ್ಲ, ಸಮರ್ಥಿಸಿಕೊಳ್ಳಲಾರೆ ಎಂದು. ಆ ಕಾಲದವರಿಗೆ ಈ ಸೂಕ್ಷ್ಮ ಇರಲಿಲ್ಲ ಎಂದು ಯಾರಾದರೂ ವಾದಿಸಿದರೆ ನನಗೆ ಈ ಕಾಗದ ನೆನಪಾಗುತ್ತದೆ.

ಈಗ ಆ ಕೋರ್ಟ್ ತೀರ್ಪಿಗೆ ಬರೋಣ. ಜೇಮ್ಸ್ ಸಾಮರ್ಸೆಟ್ ಎಂಬ ಗುಲಾಮನನ್ನು ವರ್ಜೀನಿಯಾದಲ್ಲಿ ಕೊಂಡಿದ್ದವನು ಚಾರ್ಲ್ಸ್ ಸ್ಟುವರ್ಟ್. ಅಮೆರಿಕದ ಕಸ್ಟಮ್ಸ್ ಇಲಾಖೆಯ ದೊಡ್ಡ ಅಧಿಕಾರಿ. 1769ರಲ್ಲಿ ಇಬ್ಬರೂ ಇಂಗ್ಲೆಂಡಿಗೆ ಬಂದರು. ಎರಡು ವರ್ಷದ ನಂತರ ಸಾಮರ್ಸೆಟ್ ಮನೆ ಬಿಟ್ಟು ಹೋದ. ಸ್ಟುವರ್ಟ್ ಅವನನ್ನು ಹಿಡಿಸಿ, ಜಮೈಕಾದಲ್ಲಿ ಮಾರಿಬಿಡಿ ಎಂದು ಒಂದು ಹಡಗಿನಲ್ಲಿ ಸರಪಳಿ ಹಾಕಿಸಿ ಕೂಡಿಸಿದ. ಲಂಡನ್ನಿನ ಗುಲಾಮಗಿರಿ ವಿರೋಧಿಗಳು ಕೋರ್ಟಿಗೆ ಹೋದರು. 1772ರ ಜೂನ್ 22ರಂದು ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪು ಕೊಟ್ಟ. ಗುಲಾಮಗಿರಿ ಎಷ್ಟು ಹೇಯವಾದದ್ದೆಂದರೆ ಸ್ಪಷ್ಟವಾದ ಕಾನೂನಿನ ಬಲವಿಲ್ಲದೆ ಅದು ನಿಲ್ಲಲಾರದು, ಇಂಗ್ಲೆಂಡಿನಲ್ಲಿ ಅಂಥ ಕಾನೂನಿಲ್ಲ, ಆದ್ದರಿಂದ ಈತನನ್ನು ಬಿಡಬೇಕು ಎಂದ.

ಈ ತೀರ್ಪು ಇತ್ಯರ್ಥ ಮಾಡಿದ್ದು ಒಂದೇ ಸಂಗತಿ. ಇಂಗ್ಲೆಂಡಿನ ನೆಲದಲ್ಲಿರುವ ಗುಲಾಮನನ್ನು ಬಲವಂತವಾಗಿ ಹೊರದೇಶಕ್ಕೆ ಸಾಗಿಸುವಂತಿಲ್ಲ. ವರ್ಜೀನಿಯಾಕ್ಕೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಸ್ಪಷ್ಟವಾದ ಕಾನೂನು ಬೇಕಾದಷ್ಟಿತ್ತು. ಬ್ರಿಟಿಷ್ ಹಡಗುಗಳು ಮರುದಿನವೂ, ಮುಂದಿನ ಮೂವತ್ತೈದು ವರ್ಷವೂ ಆಫ್ರಿಕನ್ನರನ್ನು ಸಾಗಿಸುತ್ತಲೇ ಇದ್ದವು. ಪಾರ್ಲಿಮೆಂಟಿನಲ್ಲಿ ವಸಾಹತುಗಳ ಗುಲಾಮಗಿರಿ ತೆಗೆಯುವ ಮಾತೇ ಇರಲಿಲ್ಲ.

ನಿಮ್ಮ ವಿದ್ಯಾರ್ಥಿನಿ ಕೇಳಿದ ವಾದ ಬೀಳುವುದು ಇಲ್ಲಿ. ಗುಲಾಮಗಿರಿ ಹೋಗಿಬಿಡುತ್ತದೆ ಎನ್ನುವ ಹೆದರಿಕೆಯೇ ದಂಗೆಗೆ ಕಾರಣವಾಗಿದ್ದರೆ ಮೊದಲು ಏಳಬೇಕಾಗಿದ್ದು ಜಮೈಕಾ, ಬಾರ್ಬಡೋಸ್. ಜಮೈಕಾದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಗುಲಾಮರು. ಆ ದ್ವೀಪಗಳು ಕದಲಲೇ ಇಲ್ಲ. ತಮ್ಮ ಗುಲಾಮರು ತಿರುಗಿಬಿದ್ದರೆ ಕಾಪಾಡಲು ಬ್ರಿಟಿಷ್ ಸೈನ್ಯವೇ ಬೇಕು ಎಂದು ಅಲ್ಲಿನ ಯಜಮಾನರಿಗೆ ಗೊತ್ತಿತ್ತು. ದಂಗೆ ಎದ್ದಿದ್ದು ಗುಲಾಮರು ತೀರಾ ಕಡಿಮೆಯಿದ್ದ ಮ್ಯಾಸಚೂಸೆಟ್ಸ್‌ನಲ್ಲಿ. ಅದೂ ತೀರ್ಪಿಗಿಂತ ಏಳು ವರ್ಷ ಮೊದಲೇ.

ಆದರೆ ತೀರ್ಪನ್ನು ಮನಸ್ಸಿಟ್ಟು ಕೇಳಿಸಿಕೊಂಡವರು ಬೇರೆ ಇದ್ದರು. 1774ರ ಜೂನ್ ತಿಂಗಳ ಒಂದು ವರ್ಜೀನಿಯಾ ಪತ್ರಿಕೆಯಲ್ಲಿ ಓಡಿಹೋದ ಗುಲಾಮನ ಜಾಹೀರಾತು ಇದೆ. ಹೆಸರು ಬ್ಯಾಕಸ್, ವಯಸ್ಸು ಸುಮಾರು ಮೂವತ್ತು. ಅವನು ಮೈಮೇಲೆ ಹಾಕಿಕೊಂಡು ಹೋದ ಬಟ್ಟೆಗಳ ವಿವರ ಕೊಟ್ಟು, ಜಾನ್ ಕ್ರಿಶ್ಚಿಯನ್ ಎಂದು ಹೆಸರು ಬದಲಿಸಿಕೊಂಡು ಬ್ರಿಟನ್ನಿಗೆ ಹೋಗುವ ಹಡಗು ಹತ್ತಬಹುದು ಎಂದು ಯಜಮಾನ ಎಚ್ಚರಿಸುತ್ತಾನೆ. ಕಾರಣವನ್ನೂ ಕೊಡುತ್ತಾನೆ: ಸಾಮರ್ಸೆಟ್ ಮೊಕದ್ದಮೆಯ ತೀರ್ಮಾನ ಅವನಿಗೆ ಗೊತ್ತು. ವರ್ಜೀನಿಯಾದ ಗುಡ್ಡಗಾಡಿನ ಕಡೆಯ ಆಗಸ್ಟಾ ಕೌಂಟಿಯಲ್ಲಿದ್ದ ಒಬ್ಬ ಗುಲಾಮನಿಗೆ ಲಂಡನ್ ಕೋರ್ಟಿನ ಸುದ್ದಿ ತಲುಪಿತ್ತು! ಬಾಯಿಂದ ಬಾಯಿಗೆ ಸುದ್ದಿ ಎಷ್ಟು ಬೇಗ ಹರಿಯುತ್ತಿತ್ತು ಎನ್ನುವುದಕ್ಕೆ ಈ ನಾಲ್ಕು ಸಾಲು ಸಾಕು.

ನಿಜವಾದ ತಿರುವು ಬಂದದ್ದು 1775ರಲ್ಲಿ. ವರ್ಜೀನಿಯಾದ ಗವರ್ನರ್ ಲಾರ್ಡ್ ಡನ್‌ಮೋರ್ ಏಪ್ರಿಲ್ 20ರ ರಾತ್ರಿ ವಿಲಿಯಮ್ಸ್‌ಬರ್ಗಿನ ಉಗ್ರಾಣದಿಂದ ಮದ್ದಿನ ಪೀಪಾಯಿಗಳನ್ನು ಗುಟ್ಟಾಗಿ ಸಾಗಿಸಿದ. ಊರು ರೊಚ್ಚಿಗೆದ್ದಿತು. ನನಗೇನಾದರೂ ತೊಂದರೆ ಮಾಡಿದರೆ ಗುಲಾಮರಿಗೆಲ್ಲ ಬಿಡುಗಡೆ ಸಾರಿ ಈ ಪಟ್ಟಣವನ್ನೇ ಸುಟ್ಟುಬಿಡುತ್ತೇನೆ ಎಂದು ಅವನು ಬೆದರಿಸಿದ. ಸುದ್ದಿ ಕೇಳಿದ ಕೆಲವು ಗುಲಾಮರು ಅವನ ಮನೆ ಬಾಗಿಲಿಗೇ ಬಂದು ನಾವು ಸಿದ್ಧ ಎಂದರು. ಅವನು ಆಗ ಅವರನ್ನು ವಾಪಸ್ ಕಳಿಸಿದ. ಬೆದರಿಕೆ ಇನ್ನೂ ಬಾಯಿಮಾತಾಗಿತ್ತು. ಅದನ್ನು ನಿಜ ಎಂದು ಹಿಡಿದು ಬಂದವರು ಗುಲಾಮರು.

ಜೂನ್ ಹೊತ್ತಿಗೆ ಡನ್‌ಮೋರ್ ಪಟ್ಟಣ ಬಿಟ್ಟು ಓಡಿ ಹಡಗು ಸೇರಿದ್ದ. ಕೈಯಲ್ಲಿದ್ದ ಸೈನಿಕರು ಕೆಲವೇ ನೂರು. ಓಡಿಬಂದ ಗುಲಾಮರು ದೋಣಿಗಳಲ್ಲಿ ಹುಡುಕಿಕೊಂಡು ಬರುತ್ತಲೇ ಇದ್ದರು. ಹಡಗು ನಡೆಸಲು, ದಾರಿ ತೋರಿಸಲು, ದವಸ ಹುಡುಕಿ ತರಲು ಅವರೇ ಕೆಲಸಕ್ಕೆ ಬಂದರು. ನವೆಂಬರ್ 7ರಂದು ಅವನು ಹಡಗಿನಲ್ಲೇ ಕೂತು ಒಂದು ಘೋಷಣೆಗೆ ಸಹಿ ಹಾಕಿದ. ಬಂಡಾಯಗಾರರ ಗುಲಾಮರು, ಕರಾರಿನ ಆಳುಗಳು, ಆಯುಧ ಹಿಡಿಯಲು ಶಕ್ತರಾಗಿ ರಾಜನ ಸೈನ್ಯ ಸೇರಿದರೆ ಸ್ವತಂತ್ರರು. ಬಂಡಾಯಗಾರರ ಗುಲಾಮರು ಮಾತ್ರ, ಗಮನಿಸಿ. ರಾಜನಿಷ್ಠರ ಗುಲಾಮರಿಗೆ ಇದು ಇಲ್ಲ. ಡನ್‌ಮೋರನ ಸ್ವಂತ ಗುಲಾಮರಿಗೂ ಇಲ್ಲ. ಅವನು ಧರ್ಮಾತ್ಮನಲ್ಲ. ಅವನಿಗೆ ಬೇಕಾಗಿದ್ದು ಸೈನಿಕರು.

ಕೆಲವು ತಿಂಗಳಲ್ಲಿ ಸಾವಿರದಷ್ಟು ಜನ ಅವನನ್ನು ಮುಟ್ಟಿದರು. ಸಿಕ್ಕಿಬಿದ್ದವರ ಲೆಕ್ಕ ಬೇರೆ. ಗಂಡಸರದೊಂದು ದಳ ಕಟ್ಟಿ ಇಥಿಯೋಪಿಯನ್ ರೆಜಿಮೆಂಟ್ ಎಂದು ಹೆಸರಿಟ್ಟರು. ಅವರ ಉಡುಪಿನ ಮೇಲೆ "ಗುಲಾಮರಿಗೆ ಸ್ವಾತಂತ್ರ್ಯ" ಎಂದು ಬರೆದಿತ್ತಂತೆ. ಕೆಂಪ್ಸ್ ಲ್ಯಾಂಡಿಂಗ್ ಎಂಬಲ್ಲಿ ನಡೆದ ಕಾದಾಟದಲ್ಲಿ ಬಂಡಾಯಗಾರರ ಒಬ್ಬ ಕರ್ನಲನನ್ನು ಹಿಡಿದದ್ದು ಅವನ ಮನೆಯಿಂದಲೇ ಓಡಿಬಂದಿದ್ದ ಗುಲಾಮ. ಆದರೆ ಡಿಸೆಂಬರ್ 9ರಂದು ಗ್ರೇಟ್ ಬ್ರಿಡ್ಜ್‌ನಲ್ಲಿ ಡನ್‌ಮೋರ್ ಸೋತ. ಮತ್ತೆ ಹಡಗು ಹತ್ತಬೇಕಾಯಿತು. ಇಕ್ಕಟ್ಟಾದ ಹಡಗುಗಳಲ್ಲಿ ಸಿಡುಬು ಹಬ್ಬಿತು. ಆಮೇಲೆ ಗ್ವಿನ್ಸ್ ದ್ವೀಪದಲ್ಲಿ ತಂಗಿದಾಗ ಸಿಡುಬು, ಜ್ವರಕ್ಕೆ ನೂರಾರು ಜನ ಸತ್ತರು. ಬಿಡುಗಡೆ ಹುಡುಕಿ ಬಂದವರಲ್ಲಿ ಬಹಳ ಮಂದಿಗೆ ಸಿಕ್ಕಿದ್ದು ಆ ದ್ವೀಪದ ಮಣ್ಣು.

ಸೈನಿಕವಾಗಿ ಈ ಘೋಷಣೆಯಿಂದ ಏನೂ ಆಗಲಿಲ್ಲ ಅನ್ನಬಹುದು. ರಾಜಕೀಯವಾಗಿ ಮಾತ್ರ ಕಿಚ್ಚು ಹತ್ತಿತು. ರಾಜನ ಜೊತೆ ಹೇಗಾದರೂ ರಾಜಿಯಾಗಲಿ ಎಂದುಕೊಂಡಿದ್ದ ವರ್ಜೀನಿಯಾದ ಜಮೀನ್ದಾರರು ಬೆಚ್ಚಿಬಿದ್ದರು. ಬ್ರಿಟನ್ನಿಗೂ ವಸಾಹತುಗಳಿಗೂ ಶಾಶ್ವತವಾಗಿ ಸಂಬಂಧ ಕಡಿಯಲು ಇದಕ್ಕಿಂತ ಪರಿಣಾಮಕಾರಿ ಉಪಾಯ ಯಾರಿಗೂ ಹೊಳೆಯಲಾರದು ಎಂದು ಸೌತ್ ಕೆರೊಲಿನಾದ ಎಡ್ವರ್ಡ್ ರಟ್ಲೆಜ್ ಬರೆದ. ಈತ ಮುಂದೆ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನು. ಆಗ ಸೈನ್ಯದ ಮುಖ್ಯಸ್ಥನಾಗಿ ಬಾಸ್ಟನ್ ಬಳಿ ಇದ್ದ ಜಾರ್ಜ್ ವಾಷಿಂಗ್ಟನ್‌ಗೆ ಅವನ ಎಸ್ಟೇಟ್ ನೋಡಿಕೊಳ್ಳುತ್ತಿದ್ದ ನೆಂಟ ಲಂಡ್ ವಾಷಿಂಗ್ಟನ್ ಡಿಸೆಂಬರ್‌ನಲ್ಲಿ ಕಾಗದ ಬರೆದ. ತಪ್ಪಿಸಿಕೊಳ್ಳಲು ಆಗುತ್ತದೆ ಎಂದು ನಂಬಿಕೆ ಬಂದರೆ ಇವರಲ್ಲಿ ಒಬ್ಬನೂ ಇಲ್ಲಿ ನಿಲ್ಲುವುದಿಲ್ಲ, ಸ್ವಾತಂತ್ರ್ಯ ಸಿಹಿ ಎಂದು. ವಾಷಿಂಗ್ಟನ್ ಅದೇ ತಿಂಗಳು ಡನ್‌ಮೋರನನ್ನು ಮಾನವ ಹಕ್ಕುಗಳಿಗೆ ದ್ರೋಹ ಬಗೆದವನು ಎಂದು ಬೈದ. ಗುಲಾಮರಿಗೆ ಬಿಡುಗಡೆ ಕೊಟ್ಟವನಿಗೆ ಈ ಬೈಗುಳ! ಈ ಕಾಗದಗಳನ್ನು ಓದಿದಾಗೆಲ್ಲ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ.

ಸ್ವಾತಂತ್ರ್ಯ ಘೋಷಣೆಯಲ್ಲೂ ಈ ಸಿಟ್ಟಿನ ಗುರುತಿದೆ. ಥಾಮಸ್ ಜೆಫರ್ಸನ್ 1776ರ ಜೂನ್‌ನಲ್ಲಿ ಫಿಲಡೆಲ್ಫಿಯಾದ ಬಾಡಿಗೆ ಕೋಣೆಯಲ್ಲಿ ಕೂತು ಕರಡು ಬರೆಯುವಾಗ ಅವನ ಸೇವೆಗೆ ಜೊತೆಯಲ್ಲಿದ್ದವನು ರಾಬರ್ಟ್ ಹೆಮಿಂಗ್ಸ್. ಹದಿನಾಲ್ಕು ವರ್ಷದ ಗುಲಾಮ ಹುಡುಗ. ಜೆಫರ್ಸನ್ನನ ಮಾವ ಗುಲಾಮ ಹೆಂಗಸೊಬ್ಬಳಲ್ಲಿ ಪಡೆದ ಮಗ, ಅಂದರೆ ಜೆಫರ್ಸನ್ನನ ಹೆಂಡತಿಗೆ ಮಲತಮ್ಮ. 1662ರ ಕಾನೂನು ಹೇಳಿದೆನಲ್ಲ, ಅದು ಕೆಲಸ ಮಾಡುತ್ತಿದ್ದದ್ದು ಹೀಗೆ. ಕರಡಿನಲ್ಲಿ ಜೆಫರ್ಸನ್ ಗುಲಾಮರ ವ್ಯಾಪಾರದ ಮೇಲೆ ಒಂದು ಉದ್ದನೆಯ ಪ್ಯಾರಾ ಬರೆದ. ದೂರದ ಜನರನ್ನು ಹಿಡಿದು ತಂದು ಮಾರಿದ್ದು ರಾಜ, ಈಗ ಅದೇ ಜನರನ್ನು ನಮ್ಮ ಮೇಲೆ ಛೂ ಬಿಡುತ್ತಿರುವವನೂ ರಾಜ ಎಂದು. ಕೊಂಡವರು ಯಾರು ಎಂಬುದು ಅದರಲ್ಲಿಲ್ಲ. ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಆ ಪ್ಯಾರಾ ಹೊಡೆದುಹಾಕಿತು. ಸೌತ್ ಕೆರೊಲಿನಾ, ಜಾರ್ಜಿಯಾದವರಿಗೆ ಬೇಡವಾಗಿತ್ತು, ಹಡಗು ನಡೆಸುತ್ತಿದ್ದ ಉತ್ತರದವರಿಗೂ ಕಸಿವಿಸಿಯಾಗಿತ್ತು ಎಂದು ಜೆಫರ್ಸನ್ನೇ ಟಿಪ್ಪಣಿ ಮಾಡಿಟ್ಟಿದ್ದಾನೆ. ಆದರೆ ದೂರಿನ ಬಾಲ ಉಳಿಯಿತು: ರಾಜ ನಮ್ಮೊಳಗೇ ದಂಗೆ ಎಬ್ಬಿಸಿದ್ದಾನೆ. ಎಲ್ಲರೂ ಸಮಾನರಾಗಿ ಹುಟ್ಟಿದ್ದಾರೆ ಎನ್ನುವ ಘೋಷಣೆಯೊಳಗೇ ಡನ್‌ಮೋರನ ಬಳಿ ಓಡಿಹೋದವರ ಮೇಲೂ ಒಂದು ದೂರು ಇದೆ. ಇದನ್ನು ತರಗತಿಯಲ್ಲಿ ಓದಿಸಿ ನೋಡಿ.

ಯುದ್ಧದ ಕಥೆ ಚುಟುಕಾಗಿ ಹೇಳುತ್ತೇನೆ. ಅಮೆರಿಕನ್ ಸೈನ್ಯ ಮೊದಲು ಕಪ್ಪು ಜನರನ್ನು ಸೇರಿಸಿಕೊಳ್ಳುವುದಿಲ್ಲ ಎಂದಿತು. ಜನ ಸಾಲದೆ ಬಂದಾಗ ಪಟ್ಟು ಸಡಿಲಿಸಿತು. 1778ರಲ್ಲಿ ರೋಡ್ ಐಲೆಂಡ್ ಯಜಮಾನರಿಗೆ ಪರಿಹಾರ ಕೊಟ್ಟು ಗುಲಾಮರನ್ನು ಬಿಡಿಸಿ ಸೈನ್ಯಕ್ಕೆ ಸೇರಿಸಿತು. ನೂರಕ್ಕೂ ಹೆಚ್ಚು ಮಂದಿ ಸೇರಿದ ಮೇಲೆ ಯಜಮಾನರ ಗೊಣಗಾಟಕ್ಕೆ ಅದನ್ನು ಕೆಲವೇ ತಿಂಗಳಲ್ಲಿ ನಿಲ್ಲಿಸಿದರು. ಒಟ್ಟು ಸುಮಾರು 5,000 ಕಪ್ಪು ಸೈನಿಕರು ಅಮೆರಿಕದ ಪರ ಹೋರಾಡಿದರು ಎಂಬ ಅಂದಾಜಿದೆ. ಬ್ರಿಟಿಷರ ಕಡೆ ಓಡಿದವರು ಅದಕ್ಕಿಂತ ಎಷ್ಟೋ ಜಾಸ್ತಿ. ಮೂರು ಸಾವಿರ ಗುಲಾಮರಿಗೆ ಬಂದೂಕು ಕೊಡಿ ಎಂದು ಕಾಂಗ್ರೆಸ್ಸೇ 1779ರಲ್ಲಿ ಸೌತ್ ಕೆರೊಲಿನಾ, ಜಾರ್ಜಿಯಾಗಳಿಗೆ ಶಿಫಾರಸು ಮಾಡಿತು. ಬ್ರಿಟಿಷ್ ಸೈನ್ಯ ಹೊಸ್ತಿಲಲ್ಲಿ ನಿಂತಿದ್ದರೂ ಸೌತ್ ಕೆರೊಲಿನಾ ಒಪ್ಪಲಿಲ್ಲ. ವರ್ಜೀನಿಯಾ 1780ರಲ್ಲಿ ಸೈನ್ಯಕ್ಕೆ ಸೇರುವ ಬಿಳಿಯರಿಗೆ ಬಹುಮಾನವಾಗಿ ಮುನ್ನೂರು ಎಕರೆ ಜಮೀನು, ಜೊತೆಗೆ ಒಬ್ಬ ಗಟ್ಟಿಮುಟ್ಟಾದ ಗುಲಾಮ ಎಂದು ಕಾನೂನು ಮಾಡಿತು. ಸ್ವಾತಂತ್ರ್ಯ ಯುದ್ಧದ ಸಂಬಳವೇ ಗುಲಾಮ.

ಬ್ರಿಟಿಷರು ನಂಬಿಕಸ್ಥರೇ? 1781ರಲ್ಲಿ ವರ್ಜೀನಿಯಾದ ಯಾರ್ಕ್‌ಟೌನ್‌ನಲ್ಲಿ ಮುತ್ತಿಗೆ ಬಿಗಿಯಾದಾಗ ಕಾರ್ನ್‌ವಾಲಿಸ್ ಜನರಲ್ ತನ್ನನ್ನು ನಂಬಿ ಬಂದಿದ್ದ ಕಪ್ಪು ಜನರನ್ನು ಪಾಳೆಯದಿಂದ ಹೊರಗಟ್ಟಿದ. ಸಿಡುಬು ತಗುಲಿದವರು ಕಾಡಿನಲ್ಲಿ ಬಿದ್ದು ಸತ್ತರು. ಹತ್ತು ವರ್ಷದ ಮೇಲೆ ಬೆಂಗಳೂರು ಕೋಟೆ ಹಿಡಿದು, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡ ಕಾರ್ನ್‌ವಾಲಿಸ್ ಇವನೇ. ನಿಮ್ಮ ಮಕ್ಕಳಿಗೆ ಹೆಸರು ಪರಿಚಯ ಇರುತ್ತದೆ.

ಪ್ಯಾರಿಸ್ಸಿನಲ್ಲಿ 1782ರ ನವೆಂಬರ್ 30ರಂದು ಯುದ್ಧ ಮುಗಿಸುವ ಕರಾರಿಗೆ ಸಹಿ ಬೀಳುವ ಮುನ್ನ ಕೊನೇ ಗಳಿಗೆಯಲ್ಲಿ ಒಂದು ಷರತ್ತು ಸೇರಿತು. ಹೊರಡುವಾಗ ಬ್ರಿಟಿಷ್ ಸೈನ್ಯ ಅಮೆರಿಕನ್ನರ ಗುಲಾಮರನ್ನಾಗಲಿ ಬೇರೆ ಆಸ್ತಿಯನ್ನಾಗಲಿ ಒಯ್ಯುವಂತಿಲ್ಲ. ಸೇರಿಸಿದವನು ಹೆನ್ರಿ ಲಾರೆನ್ಸ್, ಚಾರ್ಲ್ಸ್‌ಟನ್ನಿನ ದೊಡ್ಡ ಗುಲಾಮ ವ್ಯಾಪಾರಿಯಾಗಿದ್ದವನು. ಮೇಜಿನ ಆ ಕಡೆ ಬ್ರಿಟನ್ ಪರವಾಗಿ ಕೂತಿದ್ದವನು ರಿಚರ್ಡ್ ಆಸ್ವಾಲ್ಡ್. ಆಫ್ರಿಕಾದ ಸಿಯೆರಾ ಲಿಯೋನ್ ನದಿಯ ಬನ್ಸ್ ದ್ವೀಪದ ಗುಲಾಮ ಕೋಟೆಯ ಪಾಲುದಾರ. ಅಲ್ಲಿಂದ ಅವನು ಕಳಿಸಿದ ಜನರನ್ನು ಚಾರ್ಲ್ಸ್‌ಟನ್ನಿನಲ್ಲಿ ಕಮಿಷನ್ ತೆಗೆದುಕೊಂಡು ಮಾರಿಕೊಡುತ್ತಿದ್ದ ಏಜೆಂಟ್ ಲಾರೆನ್ಸೇ. ಎರಡು ದೇಶಗಳ ಸಂಧಾನ ಅನ್ನಿ, ಹಳೇ ವ್ಯಾಪಾರದ ಇಬ್ಬರು ಪಾಲುದಾರರ ಮಾತುಕತೆ ಅನ್ನಿ.

ಆದರೂ ನ್ಯೂಯಾರ್ಕ್‌ನಲ್ಲಿದ್ದ ಬ್ರಿಟಿಷ್ ದಂಡನಾಯಕ ಗೈ ಕಾರ್ಲ್‌ಟನ್ ಆ ಷರತ್ತಿಗೆ ತನ್ನದೇ ಅರ್ಥ ಕೊಟ್ಟ. ಕರಾರಿಗೆ ಮೊದಲೇ ನಮ್ಮ ಘೋಷಣೆ ನಂಬಿ ಬಂದವರು ಆಗಲೇ ಸ್ವತಂತ್ರರು, ಅವರು ಯಾರ ಆಸ್ತಿಯೂ ಅಲ್ಲ ಎಂದ. 1783ರ ಮೇ 6ರಂದು ವಾಷಿಂಗ್ಟನ್ ಅವನನ್ನು ಭೇಟಿಯಾಗಿ ತಕರಾರು ಮಾಡಿದ. ಕೆಲವರನ್ನು ಆಗಲೇ ಹಡಗು ಹತ್ತಿಸಿ ಕಳಿಸಿಯಾಗಿದೆ ಎಂದು ಗೊತ್ತಾಗಿ ಬೆರಗಾದ. ಬೇಕಾದರೆ ಮುಂದೆ ಪರಿಹಾರ ಕೇಳಿ ಎಂದು ಕಾರ್ಲ್‌ಟನ್ ಹೊರಡುವವರ ಹೆಸರು, ವಯಸ್ಸು, ಹಳೇ ಯಜಮಾನ ಯಾರು ಎಂದು ಪಟ್ಟಿ ಮಾಡಿಸಿದ. ಸುಮಾರು 3,000 ಹೆಸರುಗಳ ಆ ದಾಖಲೆ ಇವತ್ತಿಗೂ ಇದೆ. ಅದರಲ್ಲಿ ಒಬ್ಬ ಹ್ಯಾರಿ ವಾಷಿಂಗ್ಟನ್, 43 ವರ್ಷ, ಹಿಂದೆ ಜನರಲ್ ವಾಷಿಂಗ್ಟನ್ನರ ಆಸ್ತಿ, ಏಳು ವರ್ಷದ ಹಿಂದೆ ಬಿಟ್ಟು ಬಂದವನು. ಪಶ್ಚಿಮ ಆಫ್ರಿಕಾದಲ್ಲಿ ಹುಟ್ಟಿ, ವಾಷಿಂಗ್ಟನ್ನನ ಎಸ್ಟೇಟಿನಲ್ಲಿ ದುಡಿದು, 1776ರಲ್ಲಿ ಡನ್‌ಮೋರನ ಕಡೆ ಓಡಿದವನು. ಹಡಗು ಅವನನ್ನು ಇಳಿಸಿದ್ದು ಈಗಿನ ಕೆನಡಾದ ನೋವಾ ಸ್ಕೋಷಿಯಾದಲ್ಲಿ. ಅಲ್ಲಿ ಚಳಿ, ಬರಡು ನೆಲ, ಬಿಳಿಯರ ಕಿರುಕುಳ. 1792ರಲ್ಲಿ ಸುಮಾರು 1,200 ಜನರ ಜೊತೆ ಸಿಯೆರಾ ಲಿಯೋನ್‌ಗೆ ಹೋಗಿ ಫ್ರೀಟೌನ್ ಕಟ್ಟಿದ. ಆ ವಸಾಹತು ನಡೆಸುತ್ತಿದ್ದ ಬ್ರಿಟಿಷ್ ಕಂಪನಿಯವರು ಭೂಕಂದಾಯ ಹೇರಿದಾಗ 1800ರಲ್ಲಿ ದಂಗೆ ಎದ್ದು ಗಡೀಪಾರಾದ. ಇಬ್ಬರು ವಾಷಿಂಗ್ಟನ್ನರೂ ತೆರಿಗೆ ವಿರುದ್ಧ ಬಂಡೆದ್ದವರೇ.

ಎಲ್ಲರಿಗೂ ಹ್ಯಾರಿಯ ಹಾದಿ ಸಿಗಲಿಲ್ಲ. ಚಾರ್ಲ್ಸ್‌ಟನ್, ಸವಾನಾ ಬಂದರುಗಳಿಂದ ರಾಜನಿಷ್ಠ ಬಿಳಿಯರು ತಮ್ಮ ಸಾವಿರಾರು ಗುಲಾಮರನ್ನು ಗುಲಾಮರಾಗಿಯೇ ಕೆರಿಬಿಯನ್ನಿಗೆ ಸಾಗಿಸಿದರು.

ಕೊನೆಯ ಪ್ರಶ್ನೆ, ಉತ್ತರದ ರಾಜ್ಯಗಳದ್ದು. ಮ್ಯಾಸಚೂಸೆಟ್ಸ್‌ನ ಶೆಫೀಲ್ಡ್ ಎಂಬ ಊರಿನಲ್ಲಿ ಕರ್ನಲ್ ಜಾನ್ ಆಶ್ಲಿ ಎಂಬವನ ಮನೆಯಲ್ಲಿ 1773ರಲ್ಲಿ ಊರ ದೊಡ್ಡವರು ಸೇರಿ ಒಂದು ನಿರ್ಣಯ ಬರೆದರು. ಮನುಷ್ಯರು ಹುಟ್ಟಿನಿಂದ ಸಮಾನರು, ಸ್ವತಂತ್ರರು ಎಂದು. ಅದೇ ಮನೆಯಲ್ಲಿ ಬೆಟ್ ಎಂಬ ಗುಲಾಮ ಹೆಂಗಸಿದ್ದಳು. ಒಂದು ದಿನ ಯಜಮಾನಿ ಒಲೆಯ ಕೆಂಡದಲ್ಲಿ ಕಾದ ಸಲಿಕೆ ಎತ್ತಿ ಚಿಕ್ಕ ಹುಡುಗಿಯೊಬ್ಬಳಿಗೆ ಹೊಡೆಯಹೋದಾಗ ಬೆಟ್ ತೋಳು ಅಡ್ಡ ಕೊಟ್ಟಳು. ಗಾಯದ ಕಲೆ ಕೊನೆತನಕ ಉಳಿಯಿತು. ಆ ತೋಳನ್ನು ಆಕೆ ಬೇಕೆಂದೇ ಮುಚ್ಚುತ್ತಿರಲಿಲ್ಲವಂತೆ. ಏನಾಯಿತು ಎಂದು ಯಾರಾದರೂ ಕೇಳಿದರೆ, ಅಮ್ಮಾವ್ರನ್ನೇ ಕೇಳಿ ಎನ್ನುತ್ತಿದ್ದಳಂತೆ. 1780ರಲ್ಲಿ ರಾಜ್ಯದ ಹೊಸ ಸಂವಿಧಾನ ಎಲ್ಲರೂ ಸ್ವತಂತ್ರರಾಗಿ, ಸಮಾನರಾಗಿ ಹುಟ್ಟುತ್ತಾರೆ ಎಂದಿತು. ಆಕೆ ವಕೀಲ ಥಿಯೊಡೋರ್ ಸೆಡ್ಜ್‌ವಿಕ್ ಬಳಿ ಹೋಗಿ, ಹಾಗಿದ್ದರೆ ನನಗೂ ಅದು ಅನ್ವಯಿಸಬೇಕಲ್ಲ ಎಂದಳು. 1773ರ ನಿರ್ಣಯ ಬರೆಯುವಾಗ ಆಶ್ಲಿಯ ಜೊತೆ ಕೂತಿದ್ದವನೇ ಈ ಸೆಡ್ಜ್‌ವಿಕ್. 1781ರ ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಕೋರ್ಟಿನಲ್ಲಿ ಗೆದ್ದಳು. ಪರಿಹಾರ ಮೂವತ್ತು ಶಿಲಿಂಗ್. ಸಂಬಳ ಕೊಡುತ್ತೇನೆ, ವಾಪಸ್ ಬಾ ಎಂದು ಆಶ್ಲಿ ಕರೆದ. ಅವಳು ಹೋಗಲಿಲ್ಲ. ಎಲಿಜಬೆತ್ ಫ್ರೀಮನ್ ಎಂದು ಹೆಸರಿಟ್ಟುಕೊಂಡು ಸೆಡ್ಜ್‌ವಿಕ್ ಮನೆಯಲ್ಲಿ ಕೂಲಿಗೆ ನಿಂತಳು. ಮುಂದಿನ ಒಂದೆರಡು ವರ್ಷದಲ್ಲಿ ಇಂಥ ಇನ್ನೂ ಕೆಲವು ಮೊಕದ್ದಮೆಗಳಾಗಿ ಆ ರಾಜ್ಯದಲ್ಲಿ ಗುಲಾಮಗಿರಿ ಕುಸಿಯಿತು. 1790ರ ಜನಗಣತಿಯಲ್ಲಿ ಅಲ್ಲಿ ಗುಲಾಮರ ಸಂಖ್ಯೆ ಸೊನ್ನೆ.

ಉಳಿದ ಕಡೆ ಇಷ್ಟು ಚುರುಕಿರಲಿಲ್ಲ. ಪೆನ್ಸಿಲ್ವೇನಿಯಾ 1780ರಲ್ಲಿ ಕಾನೂನು ಮಾಡಿತು. ಈಗಿರುವ ಗುಲಾಮರು ಗುಲಾಮರೇ. ಇನ್ನು ಮುಂದೆ ಹುಟ್ಟುವ ಮಕ್ಕಳು 28 ವರ್ಷ ಯಜಮಾನನಿಗೆ ದುಡಿದ ಮೇಲೆ ಸ್ವತಂತ್ರರು. ಆ ಕಾಲದಲ್ಲಿ 28 ಅಂದರೆ ಅರ್ಧ ಆಯುಷ್ಯ. ನ್ಯೂಯಾರ್ಕ್ 1799ರಲ್ಲಿ, ನ್ಯೂಜೆರ್ಸಿ 1804ರಲ್ಲಿ ಇದೇ ತರಹದ ಕಾನೂನು ತಂದವು. ಎರಡೂ ಅದಕ್ಕೆ ಆರಿಸಿಕೊಂಡ ದಿನ ಜುಲೈ 4, ಸ್ವಾತಂತ್ರ್ಯ ದಿನ. ದಕ್ಷಿಣದಲ್ಲಿ ಗುಲಾಮಗಿರಿ ಹಾಗೇ ಉಳಿಯಿತು. 1787ರ ಸಂವಿಧಾನ ಗುಲಾಮರ ಆಮದನ್ನು 1808ರವರೆಗೆ ಕಾಂಗ್ರೆಸ್ ನಿಲ್ಲಿಸುವಂತಿಲ್ಲ ಎಂದಿತು. ಪ್ರಾತಿನಿಧ್ಯದ ಲೆಕ್ಕಕ್ಕೆ ಐವರು ಗುಲಾಮರನ್ನು ಮೂವರೆಂದು ಎಣಿಸಿ ಆ ಬಲವನ್ನು ಅವರ ಯಜಮಾನರಿಗೇ ಕೊಟ್ಟಿತು. 1790ರಲ್ಲಿ ದೇಶದಲ್ಲಿದ್ದ ಗುಲಾಮರು 6,97,681. ಸ್ವಾತಂತ್ರ್ಯಕ್ಕೆ ಮೊದಲಿಗಿಂತ ಜಾಸ್ತಿ. ಉತ್ತರದ ನ್ಯೂಜೆರ್ಸಿಯಲ್ಲಂತೂ, ಲಿಂಕನ್ ಅಧ್ಯಕ್ಷನಾಗಿ ಆರಿಸಿಬಂದ 1860ರ ಜನಗಣತಿಯಲ್ಲೂ ಹದಿನೆಂಟು ಜನ ಗುಲಾಮರು ಎಂದೇ ದಾಖಲಾಗಿದ್ದಾರೆ.